ಪಾತಾಳಕ್ಕಿಳಿದ ಮಕ್ಕಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಸಾಗರದಾಳದ ಸಾಧನೆ’ ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರು ಪ್ರೀತಿಯಿಂದ ಹಾಕಿಸಿದ್ದಾರೆ. ಆದರೆ ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದೆ ಎಂಬುದನ್ನು ಈ ಊರಿನವರಿಗೆ ನಾನು ಬೇಕಾದಷ್ಟು ಸಲ ಹೇಳಿ ಬೇಸರ ತರಿಸಿದ್ದೇನೆ. ಹಾಗಾಗಿ ಇವತ್ತು ಬೇರೆ ವಿಷಯ ಎತ್ತಿಕೊಳ್ಳುತ್ತೇನೆ. ಒಂದು ಕಾರ್ಟೂನಿನ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಮಕ್ಕಳು ಮಾತ್ರ ಈಗ ನೆಟ್ಟಗೆ ಕೂತರು, ಅದು ನನಗೆ ಕಾಣುತ್ತಿದೆ.

ಇದಕ್ಕೆ ಕಾರಣ ನನ್ನ ಅಣ್ಣನ ಮೊಮ್ಮಗಳು. ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಇಲ್ಲೇ ಎಲ್ಲೋ ತಲೆ ತಗ್ಗಿಸಿ ಕೂತಿದ್ದಾಳೆ, ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ದಸರಾ ರಜೆಯಲ್ಲಿ ಅವಳ ಅಮ್ಮ ನಮ್ಮ ಜಗಲಿಗೆ ಬಂದು, “ಸಣ್ಣ ಮಾವ, ನೀವೇ ಇವಳಿಗೆ ಬುದ್ಧಿ ಹೇಳಿ. ನೇತ್ರಾಣಿಯಲ್ಲಿ ಪೇಟೆಯವರು ಸಿಲಿಂಡರ್ ಕಟ್ಟಿಕೊಂಡು ಇಳಿಯುವುದನ್ನು ನೋಡಿ ಬಂದಾಗಿನಿಂದ ತಾನೂ ಅದನ್ನೇ ಕಲಿಯುತ್ತೇನೆ ಅಂತ ಹಟ. ಮೊಬೈಲಿನಲ್ಲೂ ಯಾವುದೋ ಗುಂಡಿಯೊಳಗೆ ಇಳಿಯುವ ಮಕ್ಕಳ ಕತೆ, ಬರೀ ರಕ್ತ. ನೀವು ನಿಮ್ಮ ಕಾಲು ತೋರಿಸಿ ನಾಲ್ಕು ಮಾತು ಹೇಳಿದರೆ ಸಾಕು” ಎಂದಳು.

ನಾನು ಈ ಮೂರು ಮೆಟ್ಟಿಲು ಹತ್ತುವಾಗ ಹುಡುಗನೊಬ್ಬ ಕೈ ಹಿಡಿದನಲ್ಲ, ಆ ಕಾಲು. ಅದರ ಕತೆ ಆಮೇಲೆ ಬರುತ್ತದೆ.

ಬುದ್ಧಿ ಹೇಳಲು ಹೋದೆ. ಅವಳು ಕೇಳಿಸಿಕೊಂಡಳು. ಕೊನೆಗೆ, “ಸಣ್ಣಜ್ಜ, ಮೊದಲು ನೀನು ಇದನ್ನು ಪೂರ್ತಿ ನೋಡು. ಆಮೇಲೆ ಬೈಯಿ” ಎಂದಳು. ನ್ಯಾಯವಾದ ಮಾತು. ನೋಡದೆ ಬೈಯುವುದು ನಮ್ಮ ವಯಸ್ಸಿನವರ ಹಳೆಯ ಚಾಳಿ. ಮೂರು ಸಂಜೆ ಕೂತು ಇಬ್ಬರೂ ಹದಿಮೂರು ಕಂತು ನೋಡಿದೆವು. ಕೆಳಗೆ ಇಂಗ್ಲಿಷಿನಲ್ಲಿ ಬರುವ ಸಾಲುಗಳನ್ನು ಅವಳು ನನಗಿಂತ ಬೇಗ ಓದುತ್ತಿದ್ದಳು, ನಾನು ಹಿಂದೆ ಬಿದ್ದಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು.

ಅದರ ಹೆಸರು ‘ಮೇಡ್ ಇನ್ ಅಬಿಸ್’. ಅಬಿಸ್ ಎಂದರೆ ತಳವಿಲ್ಲದ ಗುಂಡಿ. ನಮ್ಮ ಅಜ್ಜಿಯರ ಮಾತಿನಲ್ಲಿ ಪಾತಾಳ. ಜಪಾನಿನ ಅಕಿಹಿತೊ ತ್ಸುಕುಶಿ ಎಂಬವರು 2012ರಲ್ಲಿ ಇದನ್ನು ಚಿತ್ರಕತೆಯಾಗಿ ಬರೆಯಲು ಶುರುಮಾಡಿದರು. ಮಸಯುಕಿ ಕೊಜಿಮಾ ಅವರ ನಿರ್ದೇಶನದಲ್ಲಿ ಕಿನೆಮಾ ಸಿಟ್ರಸ್ ಎಂಬ ಸ್ಟುಡಿಯೊ 2017ರಲ್ಲಿ ಅದನ್ನು ಅನಿಮೆ ಮಾಡಿತು. ಮುಂದುವರಿದ ಭಾಗ 2020ರಲ್ಲಿ ಸಿನಿಮಾ ಆಗಿ ಬಂತು, 2022ರಲ್ಲಿ ಇನ್ನೊಂದು ಸರಣಿ ಬಂತು. ನಾನು ಮಾತಾಡುವುದು ಮೊದಲಿನ ಹದಿಮೂರು ಕಂತುಗಳ ಬಗ್ಗೆ ಮಾತ್ರ. ಸಂಗೀತ ಆಸ್ಟ್ರೇಲಿಯಾದ ಕೆವಿನ್ ಪೆಂಕಿನ್ ಅವರದು. ಸಮುದ್ರದ ಮೇಲೆ ಬೆಳಗಿನ ಜಾವ ಕಾವಲು ಕೂತವರಿಗೆ ಆ ಸಂಗೀತ ಅರ್ಥವಾಗುತ್ತದೆ. ಬೇರೆಯವರಿಗೂ ಆಗುತ್ತದೆ ಅನ್ನಿ.

ಕತೆ ಹೀಗಿದೆ. ದಕ್ಷಿಣ ಸಮುದ್ರದ ಒಂದು ದ್ವೀಪದಲ್ಲಿ ಸುಮಾರು ಸಾವಿರ ಮೀಟರ್ ಅಗಲದ ಗುಂಡಿ. ಅದು ಕಂಡುಬಂದು 1900 ವರ್ಷಗಳಾದರೂ ಆಳ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಗುಂಡಿಯ ಅಂಚಿನ ಸುತ್ತ ಒಂದು ಪಟ್ಟಣವೇ ಬೆಳೆದಿದೆ, ಹೆಸರು ಓರ್ತ್. ಗುಂಡಿಯೊಳಗೆ ಹಿಂದಿನವರು ಬಿಟ್ಟುಹೋದ ವಿಚಿತ್ರ ವಸ್ತುಗಳಿವೆ. ಅವನ್ನು ತಂದು ಮಾರುವುದೇ ಪಟ್ಟಣದ ಬದುಕು. ಇಳಿಯುವವರ ಕೊರಳಲ್ಲಿ ಒಂದೊಂದು ಸೀಟಿ. ಕಲಿಯುವ ಮಕ್ಕಳಿಗೆ ಕೆಂಪು, ಆಮೇಲೆ ನೀಲಿ, ಚಂದ್ರ, ಕಪ್ಪು, ಎಲ್ಲಕ್ಕಿಂತ ಮೇಲಿನವರಿಗೆ ಬಿಳಿ. ಕೆಂಪು ಸೀಟಿಯವರು ನೂರು ಮೀಟರಿಗಿಂತ ಕೆಳಗೆ ಇಳಿಯಕೂಡದು.

ಈ ಸೀಟಿಯನ್ನು ನೋಡಿದಾಗ ನನಗೆ ಜಪಾನಿನ ‘ಅಮಾ’ ಹೆಂಗಸರ ನೆನಪಾಯಿತು. ಮಿಎ ಪ್ರಾಂತ್ಯದ ತೊಬಾ, ಶಿಮಾ ಕಡೆ ಸಿಲಿಂಡರಿಲ್ಲದೆ ಉಸಿರು ಕಟ್ಟಿ ಮುಳುಗಿ ಚಿಪ್ಪು ತೆಗೆಯುವ ಹೆಂಗಸರು ಇವರು. ಮೇಲೆ ಬಂದಾಗ ಬಾಯಿಯಿಂದ ಉಸಿರನ್ನು ನಿಧಾನವಾಗಿ ಬಿಡುತ್ತಾರೆ, ಅದು ಸೀಟಿಯ ಹಾಗೆ ಕೇಳುತ್ತದೆ. ಇಸೊಬುಎ, ಕರೆಯ ಸೀಟಿ, ಎಂದು ಅದಕ್ಕೆ ಹೆಸರು. ಕರೆ ಎಂದರೆ ಕಡಲಂಚು. ಮುಳುಗಿದವಳು ಬದುಕಿ ಮೇಲೆ ಬಂದಳು ಎಂದು ಆ ಸದ್ದು ಸುತ್ತಲಿನವರಿಗೆ ತಿಳಿಸುತ್ತದೆ. ಕತೆಗಾರರು ಅಲ್ಲಿಂದಲೇ ತೆಗೆದುಕೊಂಡರು ಎಂದು ನಾನು ಹೇಳುತ್ತಿಲ್ಲ. ನನ್ನ ತಲೆಯಲ್ಲಿ ಎರಡೂ ಸೇರಿಕೊಂಡವು, ಅಷ್ಟೆ.

ಕತೆಯ ಹುಡುಗಿ ರಿಕೊ. ಹನ್ನೆರಡು ವರ್ಷ, ದಪ್ಪ ಕನ್ನಡಕ. ಬೆಲ್ಚೆರೊ ಎಂಬ ಅನಾಥಾಲಯದಲ್ಲಿದ್ದಾಳೆ. ಗುಂಡಿಗಿಳಿದು ಸತ್ತವರ ಮಕ್ಕಳು ಅಲ್ಲಿರುವುದು. ಆ ಮಕ್ಕಳೂ ಗುಂಡಿಗೆ ಇಳಿದು, ಸಿಕ್ಕಿದ್ದನ್ನು ಅನಾಥಾಲಯಕ್ಕೆ ಒಪ್ಪಿಸಬೇಕು. ಇದನ್ನು ಯಾರೂ ತಪ್ಪು ಎಂದು ಭಾವಿಸುವುದಿಲ್ಲ. ಮೊದಲ ಕಂತಿನಲ್ಲಿ ಎಲ್ಲ ಎಷ್ಟು ಚಂದವಾಗಿ, ಬೆಳಗಿನ ಬಿಸಿಲಲ್ಲಿ ನಡೆಯುತ್ತದೆಂದರೆ, ಇದು ಮಕ್ಕಳ ದುಡಿತ ಎಂದು ನೋಡುವವರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದದ್ದು ಎರಡನೆಯ ಸಂಜೆ.

ರಿಕೊಳ ತಾಯಿ ಲೈಜಾ ಬಿಳಿ ಸೀಟಿಯವಳು, ಕೆಳಗೆ ಹೋದವಳು ಮರಳಲಿಲ್ಲ. ಒಂದು ದಿನ ತಾಯಿಯ ಬಿಳಿ ಸೀಟಿ ಮೇಲೆ ಬರುತ್ತದೆ. ಜೊತೆಗೆ ಬಂದ ಕಾಗದಗಳಲ್ಲಿ ಒಂದು ಸಾಲು: ಪಾತಾಳದ ತಳದಲ್ಲಿ ಕಾಯುತ್ತಿರುತ್ತೇನೆ ಎಂಬ ಅರ್ಥದ್ದು. ಹುಡುಗಿ ಹೊರಡುತ್ತಾಳೆ. ಜೊತೆಗೆ ರೆಗ್ ಎಂಬ ಹುಡುಗ, ಅವನು ಯಂತ್ರ. ಉದ್ದಕ್ಕೆ ಚಾಚುವ ಕೈಗಳು, ಅಂಗೈಯಿಂದ ಹೊರಡುವ ಬೆಂಕಿ, ಆದರೆ ಹಿಂದಿನದೊಂದೂ ನೆನಪಿಲ್ಲ. ಮಾತುಮಾತಿಗೆ ಅಳು ಬೇರೆ.

ಈಗ ಮುಖ್ಯವಾದ ಮಾತು. ಆ ಗುಂಡಿಯಲ್ಲಿ ಮೃಗಗಳಿವೆ, ವಿಷವಿದೆ, ಪ್ರಪಾತಗಳಿವೆ. ಆದರೆ ಅವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ಇಳಿಯುವುದಕ್ಕೆ ಏನೂ ಆಗುವುದಿಲ್ಲ. ಮೇಲೆ ಬರುವುದಕ್ಕೆ ಶಾಪವಿದೆ. ಮೊದಲ ಹಂತದಿಂದ ಏರಿದರೆ ತಲೆಸುತ್ತು, ವಾಕರಿಕೆ. ಎರಡನೆಯದರಿಂದ ಏರಿದರೆ ತಲೆನೋವು, ಕೈಕಾಲು ಜೋಮು. ಮೂರನೆಯದರಲ್ಲಿ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಏಳು ಸಾವಿರ ಮೀಟರಿನ ಕೆಳಗೆ ನಾಲ್ಕನೆಯ ಹಂತ. ಅಲ್ಲಿಂದ ಏರಿದರೆ ಮೈಯೆಲ್ಲ ನೋವು, ಕಣ್ಣು ಕಿವಿಗಳಿಂದ ರಕ್ತ. ಐದನೆಯದರಲ್ಲಿ ಇಂದ್ರಿಯಗಳೇ ಹೋಗುತ್ತವೆ. ಆರನೆಯದರಿಂದ ಬಂದರೆ ಸಾವು, ಇಲ್ಲವೆ ಮನುಷ್ಯರೂಪವೇ ಉಳಿಯುವುದಿಲ್ಲ. ಬಿಳಿ ಸೀಟಿಯವರು ಅಷ್ಟು ಕೆಳಗೆ ಹೊರಟರೆ ಅದು ಕೊನೆಯ ಪಯಣವೆಂದೇ ಊರವರು ಬೀಳ್ಕೊಡುತ್ತಾರೆ.

ಇದನ್ನು ಕೇಳಿದ ಕೂಡಲೇ ನಾನು ಮೊಬೈಲ್ ನಿಲ್ಲಿಸಲು ಹೇಳಿದೆ. ಹುಡುಗಿ, “ಹೆದರಿದೆಯಾ ಸಣ್ಣಜ್ಜ?” ಎಂದಳು. ಹೆದರಿಕೆಯಲ್ಲ. ಯಾರೋ ನನ್ನ ಮನೆಯ ಬಾಗಿಲನ್ನು ನನ್ನ ಬೀಗದ ಕೈಯಿಂದಲೇ ತೆಗೆದ ಹಾಗಾಯಿತು.

ಮಕ್ಕಳೆ, ನಿಮ್ಮ ವಿಜ್ಞಾನ ಪಾಠಕ್ಕೆ ಸೇರಿದ ವಿಷಯ, ಕೇಳಿ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ನಲವತ್ತು ಮೀಟರಿನಲ್ಲಿ ಐದು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಕೆಳಗಿರುವಷ್ಟು ಹೊತ್ತು ಅದರಿಂದ ನೋವಿಲ್ಲ. ನಿಧಾನವಾಗಿ, ನಡುವೆ ತಂಗಿ ತಂಗಿ ಏರಿದರೆ ಅದು ಶ್ವಾಸಕೋಶದ ಮೂಲಕ ಹೊರಟುಹೋಗುತ್ತದೆ. ಅವಸರದಲ್ಲಿ ಏರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲುಗಳಲ್ಲಿ ಎದ್ದರೆ ನೋವು. ಬೆನ್ನುಹುರಿಯಲ್ಲಿ ಎದ್ದರೆ ಕಾಲು ಸತ್ತಹಾಗೆ. ನಮ್ಮವರು ಇದನ್ನು ‘ಬೆಂಡ್ಸ್’ ಎನ್ನುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯ ತೋಡುವಾಗ, 1870ರ ದಶಕದ ಮೊದಲ ವರ್ಷಗಳಲ್ಲಿ, ಒತ್ತಿದ ಗಾಳಿಯ ಪೆಟ್ಟಿಗೆಗಳಲ್ಲಿ ದುಡಿದವರಿಗೆ ಇದು ಬಡಿಯಿತು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರಿಗೇ ಬಡಿದು, ಮುಂದೆ ಅವರು ಮನೆಯ ಕಿಟಕಿಯಿಂದ ಕೆಲಸ ನೋಡಬೇಕಾಯಿತು. ಅವರ ಹೆಂಡತಿ ಎಮಿಲಿ ಸೂಚನೆಗಳನ್ನು ಹೊತ್ತು ಓಡಾಡಿ ಸೇತುವೆ ಮುಗಿಸಿದರು. 1908ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಮೇಕೆಗಳ ಮೇಲೆ ಪರೀಕ್ಷೆ ಮಾಡಿ, ಎಷ್ಟು ಆಳದಿಂದ ಎಷ್ಟು ತಂಗಿ ಮೇಲೆ ಬರಬೇಕೆಂಬ ಪಟ್ಟಿ ಕೊಟ್ಟರು. ನಾವು ಬದುಕಿರುವುದು ಆ ಪಟ್ಟಿಯಿಂದ. ಪಾಪ, ಆ ಮೇಕೆಗಳಿಂದ ಎಂದರೂ ಸರಿ.

ನನ್ನ ಕಾಲು ಹೋದದ್ದು ನೌಕಾಪಡೆಯಲ್ಲಲ್ಲ. ನಿವೃತ್ತಿಯಾದ ಮೇಲೆ ಒಂದು ಖಾಸಗಿ ಗುತ್ತಿಗೆಯವರ ಹತ್ತಿರ ಸೇರಿದ್ದೆ. ನಲವತ್ತು ಮೀಟರಿನಲ್ಲಿ ಕೆಲಸ, ಮೇಲಿನ ಕಂಪ್ರೆಸರಿನಿಂದ ಕೊಳವೆಯಲ್ಲಿ ಗಾಳಿ. ಕಂಪ್ರೆಸರ್ ನಿಂತಿತು. ಬೆನ್ನಿಗಿದ್ದ ತುರ್ತಿನ ಸಿಲಿಂಡರ್ ಅರ್ಧ ಮಾತ್ರ ತುಂಬಿತ್ತು. ಇಳಿಯುವ ಮೊದಲು ನಾನೇ ಅದನ್ನು ನೋಡಬೇಕಿತ್ತು, ನೋಡಲಿಲ್ಲ. ತಂಗುವ ಜಾಗದಲ್ಲಿ ತಂಗಲು ಗಾಳಿಯಿರಲಿಲ್ಲ. ಮೇಲೆ ಬಂದು ದೋಣಿಯಲ್ಲಿ ಚಹಾ ಕುಡಿದೆ, ಬದುಕಿದೆ ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ಏಳಲು ಹೋದರೆ ಎಡಗಾಲು ನನ್ನದಾಗಿರಲಿಲ್ಲ. ಒತ್ತಡದ ಕೋಣೆಯಲ್ಲಿ ಮಲಗಿಸಿ ಮುಕ್ಕಾಲು ಭಾಗ ಕಾಲನ್ನು ಮರಳಿ ಕೊಟ್ಟರು. ಉಳಿದ ಕಾಲು ಭಾಗ ಸಮುದ್ರದ ಹತ್ತಿರ ಇದೆ.

ಅಂದರೆ, ಅಬಿಸ್‌ನ ಶಾಪ ನನಗೆ ಕಟ್ಟುಕತೆ ಅನಿಸಲಿಲ್ಲ. ಆಳ ಹೆಚ್ಚಿದಷ್ಟೂ ಮರಳುವ ಬೆಲೆ ಹೆಚ್ಚು. ನಮಗಾದರೆ ಕಾಯುವುದೇ ಮದ್ದು, ಕೈಯಲ್ಲಿ ಪಟ್ಟಿಯೂ ಇದೆ. ಆ ಮಕ್ಕಳಿಗೆ ಯಾರೂ ಪಟ್ಟಿ ಬರೆದುಕೊಟ್ಟಿಲ್ಲ.

ಇನ್ನು ಕತೆಯ ಹಿರಿಯರ ಬಗ್ಗೆ ಹೇಳಬೇಕು. ನನ್ನನ್ನು ಮೂರು ಸಂಜೆ ಕೂರಿಸಿದ್ದು ಮೃಗಗಳಲ್ಲ, ಈ ಹಿರಿಯರು. ಹುಡುಗಿ ಹೋಗಿಯೇ ಹೋಗುತ್ತಾಳೆ, ಅದು ಎರಡನೆಯ ಕಂತಿನಲ್ಲೇ ಗೊತ್ತಾಗಿಬಿಡುತ್ತದೆ. ಮುಂದೆ ಎದುರಾಗುವ ಪ್ರತಿಯೊಬ್ಬ ದೊಡ್ಡವರ ಮುಂದೆಯೂ ಒಂದೇ ಪ್ರಶ್ನೆ: ತಡೆಯಲಾಗದ ಮಗುವಿಗೆ ನೀನು ಏನು ಮಾಡುತ್ತೀ?

ಹಬೊ ಎಂಬ ಕಪ್ಪು ಸೀಟಿಯವನು ಮೊದಲು ಸಿಗುತ್ತಾನೆ. ಗಟ್ಟಿ ಆಳು, ಮನಸ್ಸು ಮೆತ್ತಗೆ. ನಾನೂ ಜೊತೆಗೆ ಬರಲೇ ಎಂದು ಕೇಳುತ್ತಾನೆ. ಹುಡುಗಿ ಬೇಡ ಎನ್ನುತ್ತಾಳೆ. ಅವನು ಒತ್ತಾಯ ಮಾಡುವುದಿಲ್ಲ. ಎಚ್ಚರಿಕೆಯ ಮಾತು ಹೇಳಿ ಬಿಟ್ಟುಕೊಡುತ್ತಾನೆ. ಆ ದೃಶ್ಯದಲ್ಲಿ ಹೆಚ್ಚೇನೂ ಇಲ್ಲ. ಆದರೆ ನನಗೆ ನನ್ನ ಅಣ್ಣ ನೆನಪಾದ. ನಾನು ನೌಕಾಪಡೆಗೆ ಹೊರಟ ದಿನ ಬಸ್‌ಸ್ಟ್ಯಾಂಡಿನವರೆಗೆ ಬಂದು, ಏನೂ ಹೇಳದೆ, ಟಿಕೆಟಿನ ಚಿಲ್ಲರೆ ಕೊಟ್ಟು ಹೋಗಿದ್ದ.

ಆಮೇಲೆ ಎರಡನೆಯ ಹಂತದ ಕಾಡು. ಅಲ್ಲಿ ಮರಗಳು ತಲೆಕೆಳಗಾಗಿ ಬೆಳೆಯುತ್ತವೆ. ಅಲ್ಲೊಂದು ಹಕ್ಕಿಯಂಥ ಮೃಗ, ಸಾಯುವ ಮನುಷ್ಯ ‘ಕಾಪಾಡಿ’ ಎಂದು ಕೂಗುವುದನ್ನು ಅನುಕರಿಸಿ ಬೇಟೆಯನ್ನು ಕರೆಯುತ್ತದೆ. ಅದನ್ನು ದಾಟಿದರೆ ಒಂದು ಶಿಬಿರ. ಅಲ್ಲಿರುವವಳು ಒಜೆನ್, ಲೈಜಾಳ ಗುರು. ಎತ್ತರದ ಹೆಂಗಸು, ಬಿಳಿ ಸೀಟಿ, ನಾಲಿಗೆ ಚಾಕು. ಮಕ್ಕಳಿಗೆ ಮೊದಲು ಸತ್ಯ ಹೇಳುತ್ತಾಳೆ, ಅದೂ ಕ್ರೂರವಾಗಿ. ರಿಕೊ ಗುಂಡಿಯೊಳಗೇ ಹುಟ್ಟಿದವಳು, ಹುಟ್ಟುವಾಗ ಜೀವವಿರಲಿಲ್ಲ, ಒಂದು ಪ್ರಾಚೀನ ಪೆಟ್ಟಿಗೆಯಲ್ಲಿಟ್ಟಾಗ ಅಲುಗಾಡಿದಳು. ಆಮೇಲೆ ಮಕ್ಕಳನ್ನು ಹೊಡೆಯುತ್ತಾಳೆ. ರೆಗ್‌ನನ್ನು ನೆಲಕ್ಕೆ ಅಪ್ಪಳಿಸುತ್ತಾಳೆ. ನೋಡುವಾಗ ನನ್ನ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಅವಳು ಇದನ್ನು ಮೊದಲೇ ನೋಡಿದ್ದಳು ಎಂಬುದು ನೆನಪಿರಲಿ.

ಒಜೆನ್ ಹೊಡೆದದ್ದಕ್ಕೆ ಕಾರಣವಿದೆ. ರೆಗ್ ಅಂಗೈಯ ಬೆಂಕಿ ಬಳಸಿದರೆ ಆಮೇಲೆ ಎರಡು ಗಂಟೆ ಪ್ರಜ್ಞೆಯಿಲ್ಲದೆ ಬೀಳುತ್ತಾನೆ. ಆ ಎರಡು ಗಂಟೆ ಹುಡುಗಿಯನ್ನು ಕಾಯುವವರು ಯಾರು? ಕೆಳಗೆ ನಿಮ್ಮನ್ನು ಯಾವ ಮೃಗವೂ ಕನಿಕರದಿಂದ ಬಿಡುವುದಿಲ್ಲ ಎಂಬುದನ್ನು ಅವಳು ಮೈಗೆ ತಿಳಿಸುತ್ತಾಳೆ. ಆಮೇಲೆ ಹತ್ತು ದಿನ ಕಾಡಿನಲ್ಲಿ ಇಬ್ಬರೇ ಬದುಕಿ ತೋರಿಸಿ ಎಂದು ಬಿಡುತ್ತಾಳೆ. ಹಸುಗೂಸು ರಿಕೊಳನ್ನು ಪೆಟ್ಟಿಗೆಯಲ್ಲಿ ಹೊತ್ತು ಶಾಪ ಸಹಿಸಿ ಮೇಲೆ ತಂದವಳೂ ಇವಳೇ ಎಂದು ಆಗ ಗೊತ್ತಾಗುತ್ತದೆ.

ಹೊಡೆಯುವುದು ಸರಿ ಎಂದು ನಾನು ಹೇಳುತ್ತಿಲ್ಲ, ಈಗಿನ ಮಾಸ್ತರರು ಗಾಬರಿಯಾಗಬೇಡಿ. ಆದರೆ ಇಲ್ಲಿ ನನ್ನ ಕಾಲದ ಒಬ್ಬ ಮಾಸ್ತರರ ಮಾತು ಬರಲೇಬೇಕು. ಅವರು ಈಗ ಇಲ್ಲ, ಹೆಸರು ಹೇಳಿದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ನಾವು ಮೂವರು ಹುಡುಗರು ಮಧ್ಯಾಹ್ನದ ತರಗತಿ ತಪ್ಪಿಸಿ, ಬಂಡೆಗೆ ಅಂಟಿದ ನೀಲಿಕಲ್ಲು ಕೀಳಲು ಮುಳುಗುತ್ತಿದ್ದೆವು. ನೀಲಿಕಲ್ಲು ಮಾರಿದರೆ ನೋಟ್‌ಬುಕ್ಕಿನ ದುಡ್ಡು ಹುಟ್ಟುತ್ತಿತ್ತು. ಮಾಸ್ತರರಿಗೆ ಗೊತ್ತಾಯಿತು. ಮೊದಲ ದಿನ ಕೈ ಊದುವಂತೆ ಬಾರಿಸಿದರು. ಎರಡನೆಯ ದಿನ ನಾವು ಮತ್ತೆ ಹೋದೆವು. ಮೂರನೆಯ ದಿನ ಹೋದರೆ ಮಾಸ್ತರರೇ ಬಂಡೆಯ ಮೇಲೆ ಕೂತಿದ್ದಾರೆ. ಪಂಚೆ ಎತ್ತಿ ಕಟ್ಟಿದ್ದಾರೆ, ಪಕ್ಕದಲ್ಲಿ ಬಾವಿಹಗ್ಗ, ಕೈಯಲ್ಲಿ ಗಡಿಯಾರ. “ಒಬ್ಬೊಬ್ಬರಾಗಿ ಇಳಿಯಿರಿ. ಸೊಂಟಕ್ಕೆ ಹಗ್ಗ. ಒಂದು ನಿಮಿಷ ದಾಟಿದರೆ ಎಳೆಯುತ್ತೇನೆ. ಶಾಲೆ ಬಿಟ್ಟ ಮೇಲೆ ಮಾತ್ರ” ಎಂದರು. ಅವರಿಗೆ ಈಜು ಬರುತ್ತಿರಲಿಲ್ಲ. ಎರಡು ವರ್ಷ, ಮಳೆಗಾಲ ಬಿಟ್ಟು, ವಾರಕ್ಕೆರಡು ಸಂಜೆ ಆ ಬಂಡೆಯ ಮೇಲೆ ಕೂತರು. ಒಂದು ಸಲ ನಿಜಕ್ಕೂ ಎಳೆದರು. ನನ್ನ ಕಾಲು ಬಲೆಯ ತುಂಡಿಗೆ ಸಿಕ್ಕಿತ್ತು. ಮುಂದೆ ಕೊಚ್ಚಿಯ ಡೈವಿಂಗ್ ಸ್ಕೂಲಿನಲ್ಲಿ, ಮೇಲಿನವನ ಕೈಯಲ್ಲಿರುವ ಹಗ್ಗವೇ ಮುಳುಗುಗಾರನ ಅರ್ಧ ಜೀವ ಎಂದು ಕಲಿಸಿದಾಗ ನನಗೆ ಅದು ಹೊಸ ಪಾಠವಾಗಿರಲಿಲ್ಲ.

ಹತ್ತನೆಯ ಕಂತನ್ನು ಎಲ್ಲರೂ ನೋಡಬೇಕಾಗಿಲ್ಲ. ನಾಲ್ಕನೆಯ ಹಂತದಲ್ಲಿ ಮುಳ್ಳುಹಂದಿಯಂಥ ದೊಡ್ಡ ಮೃಗವೊಂದರ ವಿಷದ ಮುಳ್ಳು ರಿಕೊಳ ಎಡಗೈಗೆ ನಾಟುತ್ತದೆ. ರೆಗ್ ಅವಳನ್ನು ಎತ್ತಿಕೊಂಡು ತಪ್ಪಿಸಿಕೊಳ್ಳಲು ಮೇಲಕ್ಕೆ ಏರುತ್ತಾನೆ. ಅವನಿಗೆ ಶಾಪ ತಟ್ಟುವುದಿಲ್ಲ, ಅವಳಿಗೆ ತಟ್ಟುತ್ತದೆ. ಕಾಪಾಡಲು ಏರಿದ್ದೇ ಅವಳ ಕಣ್ಣಿನಿಂದ, ಬಾಯಿಂದ ರಕ್ತ ತರಿಸುತ್ತದೆ. ಕೈ ಊದಿ ನೇರಳೆಯಾಗುತ್ತದೆ. ಕೈ ಕತ್ತರಿಸು ಎಂದು ಹುಡುಗಿ ತಾನೇ ಹೇಳುತ್ತಾಳೆ, ಹೇಗೆ ಕತ್ತರಿಸಬೇಕೆಂದೂ ಹೇಳುತ್ತಾಳೆ. ಅವನು ಎಲುಬು ಮುರಿಯುತ್ತಾನೆ, ಮುಂದೆ ಆಗುವುದಿಲ್ಲ, ಅಳುತ್ತಾನೆ. ಆ ಹೊತ್ತಿನಲ್ಲಿ ನಾನಾಚಿ ಎಂಬ, ಮೊಲದಂಥ ಮೈಯ ಜೀವವೊಂದು ಬಂದು ಉಳಿಸುತ್ತದೆ.

ಇಷ್ಟನ್ನೂ ಚಿತ್ರ ಬಹಳ ಹೊತ್ತು ತೋರಿಸುತ್ತದೆ. ಅವಸರ ಮಾಡುವುದಿಲ್ಲ. ನಮ್ಮ ಸಿನಿಮಾಗಳಲ್ಲಿ ನಾಯಕನಿಗೆ ಗುಂಡು ತಗಲಿದರೆ ಮುಂದಿನ ದೃಶ್ಯದಲ್ಲಿ ಬಿಳಿ ಪಟ್ಟಿ ಕಟ್ಟಿಕೊಂಡು ಹಾಡುತ್ತಾನೆ. ಇಲ್ಲಿ ಗಾಯ ಗಾಯವಾಗಿಯೇ ಉಳಿಯುತ್ತದೆ. ರಿಕೊ ಬದುಕುತ್ತಾಳೆ, ಆದರೆ ಆ ಕೈಯಲ್ಲಿ ಹೆಬ್ಬೆರಳು ಮಾತ್ರ ಅಲುಗುತ್ತದೆ. ಅಪಾಯವನ್ನು ಮಕ್ಕಳಿಗೆ ಹೇಳುವುದಾದರೆ ಹೀಗೆ ಹೇಳಬೇಕು ಎಂದು ನನಗೆ ಅನಿಸಿತು. ನನ್ನ ಮೊಮ್ಮಗಳು ಆಗ ನನ್ನ ಕಾಲಿನ ಕಡೆ ಒಂದು ಸಲ ನೋಡಿದಳು. ಅಲ್ಲಿಯವರೆಗೆ ಅವಳಿಗೆ ಅದು ಅಜ್ಜನ ಕುಂಟು ಮಾತ್ರವಾಗಿತ್ತು.

ಈ ನಾನಾಚಿಯ ಹಿಂದಿನ ಕತೆಯಲ್ಲಿ ಮೂರನೆಯ ಬಗೆಯ ಹಿರಿಯ ಬರುತ್ತಾನೆ. ಬೊಂಡ್ರೂಡ್, ಅವನೂ ಬಿಳಿ ಸೀಟಿಯವನು. ದೂರದ ಬಡ ದೇಶದ ಬೀದಿಮಕ್ಕಳನ್ನು, ಸಾಹಸಕ್ಕೆ ಕರೆದೊಯ್ಯುತ್ತೇನೆ ಎಂದು ಕರೆತಂದವನು. ಮಕ್ಕಳ ಹತ್ತಿರ ಇಷ್ಟು ಸಿಹಿಯಾಗಿ ಮಾತಾಡುವವರು ಕತೆಯಲ್ಲಿ ಇನ್ನೊಬ್ಬರಿಲ್ಲ. ಒಬ್ಬೊಬ್ಬರ ಹೆಸರೂ ಅವನಿಗೆ ಗೊತ್ತು. ಅವನಿಗೆ ಬೇಕಾದದ್ದು ಶಾಪದ ಗುಟ್ಟು. ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಇಬ್ಬರು ಮಕ್ಕಳನ್ನು ಆರನೆಯ ಹಂತಕ್ಕೆ ಇಳಿಸಿ ಏರಿಸುತ್ತಾನೆ, ಇಬ್ಬರ ಶಾಪವೂ ಒಬ್ಬರ ಮೇಲೆ ಬೀಳುವಂತೆ. ನಾನಾಚಿಗೆ ಉಳಿದದ್ದು ರೋಮದ ಮೈ. ಜೊತೆಗಾತಿ ಮಿಟ್ಟಿ, ಬಿಳಿ ಸೀಟಿಯಾಗುತ್ತೇನೆ ಎನ್ನುತ್ತಿದ್ದ ಹುಡುಗಿ, ಮಾತಿಲ್ಲದ, ಸಾವೂ ಇಲ್ಲದ ಒಂದು ಮಾಂಸದ ಮುದ್ದೆಯಾದಳು.

ಒಜೆನ್ ಹೊಡೆದಳು, ಬೈದಳು. ಬೊಂಡ್ರೂಡ್ ಎಂದೂ ದನಿ ಏರಿಸಲಿಲ್ಲ. ಮಕ್ಕಳೆ, ಈ ವ್ಯತ್ಯಾಸ ನಿಮಗೆ ಬೇಗ ತಿಳಿಯಲಿ. ಸಿಹಿಮಾತಿನವರೆಲ್ಲ ಕೆಟ್ಟವರಲ್ಲ. ಆದರೆ ನೀವು ಇಳಿಯುವಾಗ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ, ಅದನ್ನು ಹಿಡಿದವರಿಗೆ ನಿಮ್ಮಿಂದ ಬೇಕಾದದ್ದೇನು ಎಂದು ಕೇಳಿಕೊಳ್ಳಿ. ನನ್ನ ಗುತ್ತಿಗೆಯವರೂ ಬಹಳ ಸಿಹಿಯಾಗಿ ಮಾತಾಡುತ್ತಿದ್ದರು.

ಕೊನೆಯ ಕಂತು ಬೇರೆಯವುಗಳ ಎರಡರಷ್ಟು ಉದ್ದ. ಮಿಟ್ಟಿಗೆ ಬಿಡುಗಡೆ ಕೊಡಲು ರೆಗ್‌ನ ಬೆಂಕಿಯೊಂದೇ ದಾರಿ. ನಾನಾಚಿಯೇ ಅವನನ್ನು ಬೇಡಿಕೊಳ್ಳುತ್ತದೆ. ಕೊನೆಯ ಗಳಿಗೆಯಲ್ಲಿ, ಒಂದು ನಿಮಿಷ ತಡಿ ಎಂದು ಓಡಿಬಂದು ಮಿಟ್ಟಿಯನ್ನು ತಬ್ಬಿಕೊಳ್ಳುತ್ತದೆ. ಇದನ್ನು ನಾನು ವಿವರಿಸುವುದಿಲ್ಲ. ನಮ್ಮ ಜಗಲಿಯಲ್ಲಿ ಆ ಸಂಜೆ ದೀಪ ಹಚ್ಚುವುದನ್ನು ಎಲ್ಲರೂ ಮರೆತಿದ್ದರು. ಹುಡುಗಿಯ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಯಾವಾಗ ಬಂದಳೋ ಗೊತ್ತಿಲ್ಲ.

ನಾನು ಮೆಚ್ಚದಿರುವುದೂ ಇದೆ. ಇದು ಮಕ್ಕಳ ಕತೆ, ಆದರೆ ಮಕ್ಕಳಿಗಾಗಿ ಮಾಡಿದ್ದಲ್ಲ, ದೊಡ್ಡವರಿಗಾಗಿ ಮಾಡಿದ್ದು. ದುಂಡು ಮುಖ, ದೊಡ್ಡ ಕಣ್ಣಿನ ಚಿತ್ರ ನೋಡಿ ಎಷ್ಟೋ ತಂದೆತಾಯಿ ಮೋಸಹೋಗುತ್ತಾರೆ. ಮಕ್ಕಳ ಮೈಯನ್ನು ಕುರಿತು ಅಲ್ಲಲ್ಲಿ ಬರುವ ಕೆಲವು ತಮಾಷೆಗಳು ಬೇಡವಾಗಿತ್ತು, ಅವು ನನಗೆ ಹೇಸಿಗೆ ತಂದವು. ಇದನ್ನು ನಾನು ಮೊಮ್ಮಗಳಿಗೂ ಅವಳ ಅಮ್ಮನಿಗೂ ಹೇಳಿದೆ. ಒಂಬತ್ತನೆಯ ತರಗತಿಯವರು ಒಬ್ಬರೇ ಕೂತು ನೋಡುವಂಥದ್ದಲ್ಲ ಎಂದೂ ಹೇಳಿದೆ. ಅವಳು, “ಅದಕ್ಕೇ ನಿನ್ನನ್ನು ಕೂರಿಸಿಕೊಂಡದ್ದು” ಎಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಕತೆಯ ಕೊನೆಯಲ್ಲಿ ಮಕ್ಕಳು ಒಂದು ಬಲೂನಿಗೆ ಪತ್ರ ಕಟ್ಟಿ ಮೇಲೆ ಬಿಡುತ್ತಾರೆ. ಅವರು ಕೆಳಗೆ ನಡೆಯುತ್ತಾರೆ, ಬಲೂನು ಮೇಲೆ ಹೋಗುತ್ತದೆ. ಅವರು ಇಳಿದು ಬಂದ ಒಂದೊಂದೇ ಹಂತವನ್ನು ದಾಟುತ್ತ, ಬೆಳಕಿನ ಕಡೆಗೆ. ಪತ್ರಕ್ಕೆ ಶಾಪವಿಲ್ಲ. ಅದನ್ನು ನೋಡುವಾಗ ನಾನು ಹಡಗಿನಿಂದ ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ನೆನಪಾದವು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಇದೇ ಶಾಲೆಯ ಮಕ್ಕಳನ್ನು ಕರೆದು ಓದಿಸಿಕೊಳ್ಳುತ್ತಿದ್ದಳಂತೆ, ಒಂದೊಂದು ಪತ್ರ ಮೂರು ಮೂರು ಸಲ. ಅವಳು ತೀರಿಕೊಂಡಾಗ ನಾನು ಎಲ್ಲೋ ನೀರಿನ ಮೇಲಿದ್ದೆ. ಬಂದು ಮುಟ್ಟುವಾಗ ಹದಿಮೂರನೆಯ ದಿನವೂ ಮುಗಿದಿತ್ತು. ಊರು ಬಿಟ್ಟು ಹೋಗಿ ಇವತ್ತು ಈ ಪೆಂಡಾಲಿನಲ್ಲಿ ಕೂತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳ ಜನರಿಗೆ ಇಂಥದೇ ಏನೋ ಒಂದು ಇರುತ್ತದೆ. ನಿನ್ನೆ ಸಂಜೆಯಿಂದ ನೋಡುತ್ತಿದ್ದೇನೆ, ಎಲ್ಲರೂ ತಮ್ಮ ಹಳೆಯ ಬೆಂಚು ಹುಡುಕುತ್ತ ಓಡಾಡುತ್ತಿದ್ದೀರಿ. ಬೆಂಚು ಸಿಕ್ಕವರ ಮುಖವನ್ನೂ ನೋಡಿದೆ.

ಸೊಸೆಗೆ ಒಂದು ಉತ್ತರ ಬಾಕಿ ಇದೆ. ಅವಳೂ ಹಿಂದಿನ ಸಾಲಿನಲ್ಲಿ ಇದ್ದಾಳೆ, ಎರಡು ತಿಂಗಳಿಂದ ಕಾಯುತ್ತಿದ್ದಾಳೆ. ಬೇಡ ಎಂದು ಹೇಳಿಸಲು ಕಳಿಸಿದ್ದೆ ನನ್ನನ್ನು, ಅದು ನನ್ನಿಂದ ಆಗಲಿಲ್ಲ ತಾಯಿ. ಹೋಗು ಎಂದೂ ನಾನು ಅವಳಿಗೆ ಹೇಳಿಲ್ಲ. ಪೇಟೆಯವರ ಸಿಲಿಂಡರ್ ಸದ್ಯಕ್ಕೆ ಬೇಡ. ಅದಕ್ಕೆ ದುಡ್ಡೂ ಬೇಕು, ಮೈಯೂ ಬಲಿಯಬೇಕು. ಮೊದಲು ಒಂದು ನಿಮಿಷ ಉಸಿರು ಹಿಡಿಯಲಿ, ಮೇಲೆ ಬಂದು ಸಮಾಧಾನದಲ್ಲಿ ಉಸಿರು ಬಿಡಲಿ. ಈಗ ನೀರು ತಿಳಿಯಾಗಿದೆ. ಮಾಸ್ತರರು ಕೂರುತ್ತಿದ್ದ ಬಂಡೆ ಅಲ್ಲೇ ಇದೆ, ಮೊನ್ನೆ ನಿಧಾನಕ್ಕೆ ಹತ್ತಿ ನೋಡಿ ಬಂದೆ. ಹೊಸ ಹಗ್ಗ ತಂದಿದ್ದೇನೆ. ಭಾನುವಾರ ಸಂಜೆ ನಾಲ್ಕಕ್ಕೆ, ನೀನೂ ಬಂದು ಒಂದು ಕೈ ಹಿಡಿ.